ಐದೂವರೆ ಚದರ ಕಿಲೋಮೀಟರಿನ ಹ್ಯಾಮ್‌ಟ್ರ್ಯಾಮಿಕ್: ಅಲ್ಲಿ ಇದ್ದವರು, ಹತ್ತಿರ ಇರುವವರು ಹೇಳಿ

ಕಾನಂಟ್_ಬಾಡಿಗೆಮನೆ

ಅಮೆರಿಕದ ಒಂದು ಊರು ಅಮೆರಿಕನ್ನರ ಕೈತಪ್ಪಿ ಹೋಗಿದೆ ಅನ್ನುವ ವಿಡಿಯೋ ಒಂದು ಮೊನ್ನೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಬಂತು. ಕಳಿಸಿದವರು ಹಾಸನದಲ್ಲಿರುವ ನನ್ನ ಸೋದರಮಾವ. ಊರು ಯಾವುದು ಅಂತ ನೋಡಿದರೆ ಹ್ಯಾಮ್‌ಟ್ರ್ಯಾಮಿಕ್, ಮಿಶಿಗನ್. ನಾನು ಮೂರು ವರ್ಷ ಬಾಡಿಗೆಗಿದ್ದ ಊರು! ಮಾವನಿಗೆ ಉತ್ತರ ಬರೆಯಲು ಕೂತೆ. ಉದ್ದವಾಯಿತು, ಅದಕ್ಕೆ ಇಲ್ಲಿ ಹಾಕುತ್ತಿದ್ದೇನೆ.

ನಾಲ್ಕೂ ಕಡೆ ಡೆಟ್ರಾಯಿಟ್ ನಗರವೇ ಹಬ್ಬಿದೆ, ನಡುವೆ ಈ ಪುಟ್ಟ ಊರು. ಒಂದು ಬದಿಯಲ್ಲಿ ಮಾತ್ರ ಹೈಲ್ಯಾಂಡ್ ಪಾರ್ಕ್ ಅನ್ನುವ ಇನ್ನೊಂದು ಊರು ತಾಗುತ್ತದೆ. ವಿಸ್ತೀರ್ಣ ಬರೀ ಐದೂವರೆ ಚದರ ಕಿಲೋಮೀಟರ್. 2020ರ ಜನಗಣತಿಯ ಪ್ರಕಾರ 28,433 ಜನ. ಹತ್ತರಲ್ಲಿ ನಾಲ್ಕಕ್ಕೂ ಹೆಚ್ಚು ಮಂದಿ ಅಮೆರಿಕದ ಹೊರಗೆ ಹುಟ್ಟಿದವರು. ಮನೆಗಳು ಎಷ್ಟು ಒತ್ತೊತ್ತಾಗಿವೆ ಅಂದರೆ, ಎರಡು ಮನೆಯ ಗೋಡೆಗಳ ನಡುವೆ ಕಸದ ಡಬ್ಬಿ ತಳ್ಳಿಕೊಂಡು ಹೋಗಬೇಕಾದರೆ ನಾನು ಅಡ್ಡ ತಿರುಗಬೇಕಿತ್ತು. ಮರದ ಮನೆಗಳು, ಕೆಳಗೊಂದು ಸಂಸಾರ, ಮೇಲೊಂದು ಸಂಸಾರ. ಎಲ್ಲ ಮನೆಗೂ ಮುಂದೆ ಜಗುಲಿ.

ನನ್ನ ಮನೆಯ ಮಾಲೀಕರು ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ಪಕ್ಕದ ಮನೆ ಯೆಮನಿನವರದು. ಎದುರು ಮನೆಯಲ್ಲಿ ಪೋಲಿಷ್ ಅಜ್ಜಿ ಒಬ್ಬರೇ. ಮೂಲೆ ಮನೆಯಲ್ಲಿ ಆಫ್ರಿಕನ್ ಅಮೆರಿಕನ್ ದಂಪತಿ, ಗಂಡ ಬಸ್ ಚಾಲಕ. ಚಳಿಗಾಲದಲ್ಲಿ ಅಜ್ಜಿಯ ಮನೆ ಮುಂದಿನ ಹಿಮವನ್ನು ಯೆಮನಿಗಳ ದೊಡ್ಡ ಮಗ ತೆಗೆಯುತ್ತಿದ್ದ, ಅಜ್ಜಿ ಅವನಿಗೆ ಐದು ಡಾಲರ್ ಕೊಡುತ್ತಿದ್ದರು. ಇದನ್ನು ಕೇಳಿ ಆಹಾ ಎಂಥ ಸೌಹಾರ್ದ ಅನ್ನಬೇಡಿ. ಮಸೀದಿಯ ಧ್ವನಿವರ್ಧಕದ ಬಗ್ಗೆ 2004ರಲ್ಲಿ ಊರಿನಲ್ಲಿ ಜನಮತ ನಡೆದಾಗ ಅದೇ ಅಜ್ಜಿ ಆಜಾನ್ ವಿರುದ್ಧ ಮತ ಹಾಕಿದ್ದನ್ನು ನನಗೆ ತಾವಾಗಿಯೇ ಹೇಳಿದ್ದರು, ಅದರ ಬಗ್ಗೆ ಅವರಿಗೆ ಪಶ್ಚಾತ್ತಾಪವೂ ಇರಲಿಲ್ಲ. ಹುಡುಗನಿಗೂ ಅದು ಗೊತ್ತಿತ್ತು.

ಊರು ಹುಟ್ಟಿದ್ದು ಕಾರಿನಿಂದ. ಡಾಡ್ಜ್ ಸಹೋದರರು 1910ರಲ್ಲಿ ಇಲ್ಲಿ ಕಾರ್ಖಾನೆ ತೆರೆದಾಗ ಇದು ಜರ್ಮನ್ ರೈತರ ಹಳ್ಳಿ, ಮೂರೂವರೆ ಸಾವಿರ ಜನ. ಹತ್ತೇ ವರ್ಷಕ್ಕೆ 48 ಸಾವಿರ ದಾಟಿತು. ಬಂದವರಲ್ಲಿ ಬಹುಪಾಲು ಪೋಲೆಂಡಿನವರು. 1922ರಲ್ಲಿ ನಗರಸಭೆಯಾಯಿತು. ಅಲ್ಲಿಂದ 2021ರ ವರೆಗೆ, ಅಂದರೆ ಸುಮಾರು ನೂರು ವರ್ಷ, ಮೇಯರ್ ಆದವರೆಲ್ಲ ಪೋಲಿಷ್ ಮೂಲದವರೇ.

ಜಗಳ ಇದೆಯೋ ಇಲ್ಲವೋ ಅಂತ ಎಲ್ಲರೂ ಕೇಳುತ್ತಾರೆ. ನಾನು ಕೇಳುವುದು ಬೇರೆ. ಹೊಸಬರು ಬಂದಾಗ ಕುರ್ಚಿಯಲ್ಲಿ ಇದ್ದವರು ಅವರಿಗೆ ಜಾಗ ಬಿಟ್ಟರಾ? ತಾವಾಗಿ ಬಿಟ್ಟರಾ, ಕಾನೂನು ಬಿಡಿಸಿತಾ? ಈ ಊರಿನ ಮಟ್ಟಿಗೆ ನನಗೆ ಸಿಕ್ಕ ಉತ್ತರ: ಕಾನೂನು ಬಿಡಿಸಿತು, ಮತ ಬಿಡಿಸಿತು. ತಾವಾಗಿ ಬಿಟ್ಟವರು ಬಹಳ ಕಡಿಮೆ.

ದಾವಣಗೆರೆ_ಮಂಜು

ಅಣ್ಣ, ಆ ವಿಡಿಯೋ ನಮ್ಮ ಗುಂಪಿಗೂ ಬಂದಿದೆ. ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಗರಸಭೆಯಲ್ಲಿ ಎಲ್ಲರೂ ಮುಸ್ಲಿಮರೇ ಅನ್ನೋದು ನಿಜನಾ? ಷರಿಯಾ ಕಾನೂನು ನಡೀತಿದೆ ಅನ್ನೋದು?

ಕಾನಂಟ್_ಬಾಡಿಗೆಮನೆ

ಮಂಜು, ಮೊದಲನೆಯದು ನಿಜ. 2015ರ ಚುನಾವಣೆಯಲ್ಲಿ ಕೌನ್ಸಿಲ್‌ನ ಬಹುಮತ ಮುಸ್ಲಿಮರದ್ದಾಯಿತು. ಅಮೆರಿಕದಲ್ಲಿ ಹಾಗಾದ ಮೊದಲ ಊರು ಇದು. 2021ರಲ್ಲಿ ಯೆಮನ್ ಮೂಲದ ಅಮೆರ್ ಗಾಲಿಬ್ ಮೇಯರ್ ಆಗಿ ಗೆದ್ದರು, ಆರು ಸದಸ್ಯರ ಕೌನ್ಸಿಲ್ ಪೂರ್ತಿ ಮುಸ್ಲಿಮರದ್ದೇ ಆಯಿತು. ಹದಿನೇಳನೇ ವಯಸ್ಸಿಗೆ ಬಂದು ಕಾರಿನ ಬಿಡಿಭಾಗದ ಕಾರ್ಖಾನೆಯಲ್ಲಿ ದುಡಿದವರು ಅವರು.

ಎರಡನೆಯದು ಸುಳ್ಳು. ನಗರಸಭೆ ಕಸ, ರಸ್ತೆ, ನೀರು, ನಿಲುಗಡೆಯ ದಂಡ ನೋಡಿಕೊಳ್ಳುತ್ತದೆ. ಅದರ ಮೇಲೆ ಮಿಶಿಗನ್ ರಾಜ್ಯದ ಕಾನೂನು, ಅದರ ಮೇಲೆ ದೇಶದ ಸಂವಿಧಾನ. ಜೋಸೆಫ್ ಕ್ಯಾಂಪೋ ರಸ್ತೆಯಲ್ಲಿ ಬಾರುಗಳಿವೆ, ಹಂದಿಮಾಂಸದ ಪೋಲಿಷ್ ಸಾಸೇಜ್ ಮಾರುತ್ತಾರೆ. ಈಸ್ಟರ್‌ಗೆ ಮುಂಚಿನ ಉಪವಾಸ ಶುರುವಾಗುವ ಹಿಂದಿನ ದಿನ ಪೂಂಚ್ಕಿ ಅನ್ನುವ, ಒಳಗೆ ಜಾಮ್ ತುಂಬಿ ಕರಿದ ಸಿಹಿಗಾಗಿ ನಸುಕಿನಲ್ಲೇ ಬೇಕರಿ ಮುಂದೆ ಸಾಲು ನಿಲ್ಲುತ್ತದೆ.

ಆಜಾನ್ ವಿಷಯವೂ ವಿಡಿಯೋದಲ್ಲಿ ತಲೆಕೆಳಗಾಗಿದೆ. 2004ರಲ್ಲಿ ಕ್ಯಾನಿಫ್ ರಸ್ತೆಯ ಬಂಗಾಳಿಗಳ ಅಲ್ ಇಸ್ಲಾಹ್ ಮಸೀದಿ ಧ್ವನಿವರ್ಧಕಕ್ಕೆ ಅನುಮತಿ ಕೇಳಿತು. ಆಗ ಕೌನ್ಸಿಲ್‌ನಲ್ಲಿ ಮುಸ್ಲಿಮರ ಬಹುಮತ ಇರಲಿಲ್ಲ. ಆ ಕೌನ್ಸಿಲೇ ಶಬ್ದದ ನಿಯಮ ತಿದ್ದಿ, ಬೆಳಗ್ಗೆ ಆರರಿಂದ ರಾತ್ರಿ ಹತ್ತರ ವರೆಗೆ ಮಾತ್ರ ಅಂತ ಗಡಿ ಹಾಕಿತು. ವಿರೋಧಿಸಿದವರು ಸಹಿ ಸಂಗ್ರಹಿಸಿ ಜನಮತಕ್ಕೆ ಒಯ್ದರು. ಆ ಜುಲೈನಲ್ಲಿ ಮತದಾನ ನಡೆಯಿತು, ನಿಯಮ ಉಳಿಯಿತು. ಬಹಳ ಜನಕ್ಕೆ ಅರ್ಥವಾಗದ ಸಂಗತಿ ಒಂದಿದೆ. ಆ ನಿಯಮ ಬಿದ್ದುಹೋಗಿದ್ದರೆ ಆಜಾನ್ ನಿಲ್ಲುತ್ತಿರಲಿಲ್ಲ, ಸಮಯದ ಗಡಿ ಮಾತ್ರ ಹೋಗುತ್ತಿತ್ತು. ಪ್ರಾರ್ಥನೆಗೆ ಕರೆಯುವುದು ಚರ್ಚಿನ ಗಂಟೆಯಷ್ಟೇ ಹಕ್ಕಿನ ವಿಷಯ. ಅಂದರೆ ಮತ ಹಾಕಿದ್ದು ಆಜಾನ್‌ಗೆ ಕಡಿವಾಣ ಇರಬೇಕೋ ಬೇಡವೋ ಅಂತ! ಎದುರು ಮನೆ ಅಜ್ಜಿಗೆ ಇದನ್ನು ಹೇಳಿದೆ. ನಂಬಲಿಲ್ಲ.

ನೋವೈ_ನಿವಾಸಿ

ಬರವಣಿಗೆ ಚೆನ್ನಾಗಿದೆ. ಆದರೆ ನನಗೆ ಇದು ವೈವಿಧ್ಯ ಅಂತ ಅನ್ನಿಸುವುದಿಲ್ಲ. ಮೊದಲು ಪೋಲಿಷರ ಊರಾಗಿತ್ತು, ಈಗ ಯೆಮನಿ–ಬಂಗಾಳಿಗಳ ಊರಾಗಿದೆ. ಒಬ್ಬರು ಖಾಲಿ ಮಾಡಿದರು, ಇನ್ನೊಬ್ಬರು ತುಂಬಿದರು. ಪೋಲಿಷರ ಮಕ್ಕಳು ವಾರೆನ್, ಸ್ಟರ್ಲಿಂಗ್ ಹೈಟ್ಸ್‌ನಂಥ ಹೊರವಲಯದ ಊರುಗಳ ಕಡೆ ಹೋದರು. ನಾಳೆ ಇವರ ಮಕ್ಕಳೂ ಹೋಗುತ್ತಾರೆ. ನೀವೂ ಈಗ ಅಲ್ಲಿ ಇಲ್ಲ ಅಲ್ಲವೇ?

ಕಾನಂಟ್_ಬಾಡಿಗೆಮನೆ

ಇಲ್ಲ. ಮಗಳು ಹುಟ್ಟಿದ ಮೇಲೆ ಡೆಟ್ರಾಯಿಟ್ ಹೊರವಲಯದ ಟ್ರಾಯ್‌ಗೆ ಬಂದೆವು. ಶಾಲೆಗಾಗಿ. ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಆದರೆ ಖಾಲಿಯಾಯಿತು ಅಂದಿರಲ್ಲ, ಅಂಕಿ ನೋಡಿ. 2010ರಿಂದ 2020ರ ನಡುವೆ ಸುತ್ತಲಿನ ಡೆಟ್ರಾಯಿಟ್ 7,13,777ರಿಂದ 6,39,111ಕ್ಕೆ ಇಳಿಯಿತು. ನಟ್ಟನಡುವಿನ ಹ್ಯಾಮ್‌ಟ್ರ್ಯಾಮಿಕ್ 22,423ರಿಂದ 28,433ಕ್ಕೆ ಏರಿತು. ಬಾಗಿಲು ಮುಚ್ಚಿದ್ದ ಅಂಗಡಿಗಳನ್ನು ತೆರೆದವರು, ಬೀಳುತ್ತಿದ್ದ ಮನೆಗಳಿಗೆ ಹೊಸ ಸೂರು ಹೊದಿಸಿದವರು ಈ ಹೊಸಬರೇ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಬಾಡಿಗೆ ಕಟ್ಟಲಾಗದೆ ಎಷ್ಟೋ ಬಂಗಾಳಿ ಸಂಸಾರಗಳು ಇಲ್ಲಿಗೆ ಬಂದು ಸ್ವಂತ ಮನೆ ಮಾಡಿಕೊಂಡವು. ನನ್ನ ಮಾಲೀಕರೂ ಹಾಗೇ ಬಂದವರು. ಕಾನಂಟ್ ರಸ್ತೆಯ ಒಂದು ಭಾಗಕ್ಕೆ 2008ರಲ್ಲಿ ಬಾಂಗ್ಲಾದೇಶ್ ಅವೆನ್ಯೂ ಅಂತ ಗೌರವದ ಹೆಸರೂ ಬಂತು.

ಉಳ್ಳಾಲದ_ಬ್ಯಾರಿ_ಹುಡುಗಿ

ನಾನೂ ಸ್ವಲ್ಪ ಹೇಳ್ತೇನೆ. ನಾನು ಡಿಯರ್‌ಬಾರ್ನ್‌ನಲ್ಲಿ ಇರುವುದು, ಆದರೆ ನನ್ನ ಗಂಡನ ಅಕ್ಕ ಹ್ಯಾಮ್‌ಟ್ರ್ಯಾಮಿಕ್‌ನಲ್ಲಿ ಎಂಟು ವರ್ಷದಿಂದ ಉಂಟು. ಹಾಗಾಗಿ ತಿಂಗಳಿಗೆ ಎರಡು ಸಲವಾದರೂ ಹೋಗ್ತೇವೆ.

ನೀವೆಲ್ಲ "ಮುಸ್ಲಿಮರು" ಅಂತ ಒಂದೇ ಮೂಟೆ ಕಟ್ಟಿ ಮಾತಾಡ್ತೀರಿ. ಅಲ್ಲಿ ಹೋಗಿ ನೋಡಿ ಮಾರಾಯ್ರೆ. ಯೆಮನಿಗಳ ಮಸೀದಿ ಬೇರೆ, ಬಂಗಾಳಿಗಳದ್ದು ಬೇರೆ, ಬೋಸ್ನಿಯಾದವರದ್ದು ಬೇರೆ. ಯೆಮನಿಗಳಲ್ಲಿ ಅರಬಿಯಲ್ಲಿ ಖುತ್ಬಾ, ಅಂದರೆ ಶುಕ್ರವಾರದ ಪ್ರವಚನ, ಬಂಗಾಳಿಗಳಲ್ಲಿ ಬಂಗಾಳಿಯಲ್ಲಿ. ನಾನು ಮನೆಯಲ್ಲಿ ಮಾತಾಡುವುದು ಬ್ಯಾರಿ, ಓದಿದ್ದು ಕನ್ನಡ ಶಾಲೆ. ಎರಡೂ ಕಡೆ ನನಗೆ ಅರ್ಧ ಅರ್ಥ ಆಗುವುದಿಲ್ಲ! ಬಂಗಾಳಿ ಹೆಂಗಸರು ನನ್ನನ್ನು ನೋಡಿ ಬಂಗಾಳಿಯಲ್ಲೇ ಮಾತು ಶುರುಮಾಡ್ತಾರೆ. ನಾನು ಇಂಡಿಯಾದವಳು, ಅದರಲ್ಲೂ ಕಡಲ ಕರೆಯವಳು ಅಂದರೆ ಇಂಡಿಯಾದಲ್ಲಿ ಹೀಗೊಂದು ಭಾಷೆ ಉಂಟಾ ಅಂತ ಕೇಳ್ತಾರೆ. ಚುನಾವಣೆ ಬಂದರೆ ಯೆಮನಿ ಮತ ಒಂದು ಕಡೆ, ಬಂಗಾಳಿ ಮತ ಇನ್ನೊಂದು ಕಡೆ. ಧರ್ಮ ಒಂದೇ ಆದ ಮಾತ್ರಕ್ಕೆ ಯಾರೂ ಯಾರಿಗೂ ಮತ ಧಾರೆ ಎರೆಯುವುದಿಲ್ಲ.

ಮತ್ತೆ, ಕಾನೂನು ಬಿಡಿಸಿತು ಅಂದ್ರಲ್ಲ, ಅದು ಸರಿ. 1999ರ ನವೆಂಬರ್ ಚುನಾವಣೆಯಲ್ಲಿ ಒಂದು ಗುಂಪಿನವರು ಮತಗಟ್ಟೆಯಲ್ಲಿ ನಿಂತು, ಕಂದು ಬಣ್ಣದ, ಅರಬ್ ಅಥವಾ ಮುಸ್ಲಿಂ ಹೆಸರಿನ ಮತದಾರರು ಬಂದಾಗಲೆಲ್ಲ ಇವರು ನಾಗರಿಕರಲ್ಲ ಅಂತ ತಕರಾರು ತೆಗೆದರು. ಹತ್ತಾರು ಜನರ ಹತ್ತಿರ, ನಾನು ಅಮೆರಿಕದ ನಾಗರಿಕ ಅಂತ ಪ್ರಮಾಣ ಮಾಡಿಸಿದ ಮೇಲೆಯೇ ಮತ ಹಾಕಲು ಬಿಟ್ಟದ್ದು. ಬಿಳಿಯರ ಹತ್ತಿರ ಯಾರೂ ಪ್ರಮಾಣ ಕೇಳಲಿಲ್ಲ. ಕೇಂದ್ರದ ನ್ಯಾಯಾಂಗ ಇಲಾಖೆ ಊರಿನ ಮೇಲೆ ಕೇಸು ಹಾಕಿತು. 2000ದಲ್ಲಿ ಕೋರ್ಟಿನ ಒಪ್ಪಂದವಾಯಿತು, ಅರಬಿ–ಬಂಗಾಳಿ ಬಲ್ಲ ಚುನಾವಣಾ ಸಿಬ್ಬಂದಿ ಇರಬೇಕು ಅಂತ. ನಮ್ಮ ಅಕ್ಕನ ಪಕ್ಕದ ಮನೆಯ ಅಜ್ಜ ಹಾಗೆ ಪ್ರಮಾಣ ಮಾಡಿದವರಲ್ಲಿ ಒಬ್ಬರು. ಹಾಕಿದ್ದು ಯಾರಿಗೆ ಅಂತ ಮರೆತಿದ್ದಾರೆ. ಕೈ ಎತ್ತಿ ನಿಂತದ್ದು ಮರೆತಿಲ್ಲ.

ಹುಬ್ಬಳ್ಳಿ_ಮಾಸ್ತರ

ಎಲ್ಲಾರಿಗೂ ನಮಸ್ಕಾರ. ನಾ ನಿವೃತ್ತ ಸಾಲಿ ಮಾಸ್ತರ. ಜನಗಣತಿ ಕೆಲಸಾ ಮೂರು ಸರ್ತಿ ಮಾಡೀನಿ. ಮನಿಮನಿಗೆ ಹೋಗಿ ಕಾಲಂ ತುಂಬಿದಾಂವ. ಅದಕ್ಕ ನನಗ ಒಂದ ಕುತೂಹಲ ಐತ್ರಿ. ಅಲ್ಲಿ ಯೆಮನಿ ಮಂದೀನ ಯಾವ ಕಾಲಂದಾಗ ಬರೀತಾರ? ಪೋಲೆಂಡದವರನ್ನ ಯಾವ ಕಾಲಂದಾಗ ಬರೀತಾರ? ಕಾಲಂ ತಪ್ಪಿದ್ರ ಮಂದಿನ ಕಾಣಂಗಿಲ್ಲ, ಇದು ನನ್ನ ಅನುಭವ.

ಆನ್_ಆರ್ಬರ್_ಗ್ರಂಥಾಲಯ

ಮಾಸ್ತರರೇ, ಈ ಪ್ರಶ್ನೆಯನ್ನು ಇಲ್ಲಿಯವರೇ ಕೇಳುವುದಿಲ್ಲ.

2010ರ ಜನಗಣತಿಯ ಪ್ರಕಾರ ಹ್ಯಾಮ್‌ಟ್ರ್ಯಾಮಿಕ್‌ನಲ್ಲಿ ನೂರಕ್ಕೆ 53.6 ಬಿಳಿಯರು, 21.5 ಏಷ್ಯನ್ನರು, 19.3 ಕಪ್ಪು ಜನ. ಓದಿದವರು ಅರ್ಧಕ್ಕಿಂತ ಹೆಚ್ಚು ಬಿಳಿಯರ ಊರು ಅಂದುಕೊಳ್ಳುತ್ತಾರೆ. ಆದರೆ ಆ 53.6ರಲ್ಲಿ ಪೋಲಿಷ್ ಅಜ್ಜಿಯೂ ಇದ್ದಾರೆ, ಪಕ್ಕದ ಮನೆಯ ಯೆಮನಿ ಹುಡುಗನೂ ಇದ್ದಾನೆ, ಬೋಸ್ನಿಯಾದ ಯುದ್ಧದಿಂದ ತಪ್ಪಿಸಿಕೊಂಡು 1990ರ ದಶಕದಲ್ಲಿ ಬಂದವರೂ ಇದ್ದಾರೆ. ಅರಬ್ಬರನ್ನು ಇಲ್ಲಿ ಬಿಳಿಯರ ಕಾಲಂನಲ್ಲೇ ಎಣಿಸುತ್ತಾರೆ. ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದವರಿಗೆ ಪ್ರತ್ಯೇಕ ಕಾಲಂ ಬೇಕು ಅನ್ನುವ ಕೇಂದ್ರದ ತೀರ್ಮಾನ ಪ್ರಕಟವಾದದ್ದು 2024ರ ಮಾರ್ಚಿನಲ್ಲಿ.

ಇದರ ಹಿಂದೆ ನೋವಿನ ಕಥೆ ಇದೆ. ಹಿಂದೆ ವಲಸೆ ಬಂದವರಿಗೆ ನಾಗರಿಕತ್ವ ಬೇಕಿದ್ದರೆ ಬಿಳಿಯರಾಗಿರಬೇಕು, ಇಲ್ಲವೇ ಆಫ್ರಿಕಾ ಮೂಲದವರಾಗಿರಬೇಕು ಅಂತ ಕಾನೂನಿತ್ತು. 1923ರಲ್ಲಿ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಅನ್ನುವ ಪಂಜಾಬಿ ಸಿಖ್ಖರ ಪ್ರಕರಣದಲ್ಲಿ ಭಾರತೀಯರು ಬಿಳಿಯರಲ್ಲ ಅಂತ ತೀರ್ಪು ಕೊಟ್ಟಿತು. 1942ರಲ್ಲಿ ಡೆಟ್ರಾಯಿಟ್‌ನ ಫೆಡರಲ್ ಕೋರ್ಟಿನ ಮುಂದೆ ಅಹ್ಮದ್ ಹಸನ್ ಅನ್ನುವ ಯೆಮನಿ ನಿಂತರು. ಅವರ ಮೈಬಣ್ಣವನ್ನೂ, ಮುಸ್ಲಿಂ ಲೋಕದವರು ಅನ್ನುವುದನ್ನೂ ಎತ್ತಿ ಹೇಳಿ ನ್ಯಾಯಾಧೀಶರು ಅರ್ಜಿ ತಳ್ಳಿಹಾಕಿದರು. ಎರಡೇ ವರ್ಷಕ್ಕೆ, 1944ರಲ್ಲಿ, ಮ್ಯಾಸಚೂಸೆಟ್ಸ್‌ನ ಇನ್ನೊಂದು ಕೋರ್ಟು ಅರಬ್ಬರು ಬಿಳಿಯರೇ ಅಂದಿತು. ಅಹ್ಮದ್ ಹಸನ್ ಅವರಿಗೆ ಡೆಟ್ರಾಯಿಟ್‌ನಲ್ಲಿ ಸಿಗದ ಬಾಗಿಲಿನಿಂದ ಹತ್ತು ನಿಮಿಷದ ದಾರಿಯಲ್ಲಿ ಯೆಮನಿ ಮೂಲದವರೊಬ್ಬರು ಮೇಯರ್ ಆದರು, ಎಂಬತ್ತು ವರ್ಷದ ಒಳಗೆ. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ನಮ್ಮ ಕಾಲಂ ಕಥೆಯೂ ಹೀಗೇ ಓಲಾಡಿದೆ. 1970ರ ಜನಗಣತಿಯಲ್ಲಿ ಭಾರತೀಯರು ಬಿಳಿಯರ ಲೆಕ್ಕಕ್ಕೆ ಸೇರಿದ್ದರು. ಏಷ್ಯನ್ ಇಂಡಿಯನ್ ಅನ್ನುವ ಕಾಲಂ ಬಂದದ್ದು 1980ರಲ್ಲಿ.

ಈ ಕಾಲಂಗಳಿಂದ ಆಗುವ ವ್ಯತ್ಯಾಸ ಕಾಗದದ ಮೇಲಿನದ್ದಷ್ಟೇ ಅಲ್ಲ. ಮತಪತ್ರ ಯಾವ ಭಾಷೆಯಲ್ಲಿ ಇರಬೇಕು ಅನ್ನುವ ದೇಶದ ಕಾನೂನು ಸ್ಪ್ಯಾನಿಷ್, ಏಷ್ಯನ್ ಮತ್ತು ಮೂಲನಿವಾಸಿ ಭಾಷೆಗಳಿಗೆ ಮಾತ್ರ ಅನ್ವಯಿಸುತ್ತದೆ. ಅದಕ್ಕೇ 2011ರಲ್ಲಿ ಹ್ಯಾಮ್‌ಟ್ರ್ಯಾಮಿಕ್‌ಗೆ ಬಂಗಾಳಿ ಮತಪತ್ರ ಕಡ್ಡಾಯವಾಯಿತು. ಅರಬಿ ಆ ಪಟ್ಟಿಯಲ್ಲೇ ಇಲ್ಲ.

ಹುಬ್ಬಳ್ಳಿ_ಮಾಸ್ತರ

ನಾ ಅಂದದ್ದ ಖರೇ ಆತು ನೋಡ್ರಿ. ಕಾಲಂ ಅಂದ್ರ ಗೋಡಿ.

ಟ್ರಾಯ್_ಸುಮಾ

ಎಲ್ಲರೂ ಬಂದವರ ಕಥೆ ಹೇಳುತ್ತಿದ್ದೀರಿ. ಮೊದಲಿನಿಂದ ಇದ್ದು, ಓಡಿಸಲ್ಪಟ್ಟವರ ಕಥೆಯನ್ನು ಯಾರೂ ಎತ್ತಲಿಲ್ಲ. ಕಾನಂಟ್ ಅವರ ಬೀದಿಯ ಮೂಲೆ ಮನೆಯ ದಂಪತಿಯ ಬಗ್ಗೆ ಒಂದೇ ಸಾಲಿದೆ.

1960ರ ದಶಕದಲ್ಲಿ ನಗರ ನವೀಕರಣ ಅನ್ನುವ ಹೆಸರಿನಲ್ಲಿ ಹ್ಯಾಮ್‌ಟ್ರ್ಯಾಮಿಕ್ ನಗರಸಭೆ ಆಯ್ದು ಆಯ್ದು ಕಪ್ಪು ಜನ ವಾಸವಿದ್ದ ಬೀದಿಗಳನ್ನು ಕೆಡವಿತು. ಅವರಿಗೆ ಊರಿನೊಳಗೆ ಬೇರೆ ಮನೆ ಕೊಡಲಿಲ್ಲ. 1968ರಲ್ಲಿ ನಿವಾಸಿಗಳು ಕೋರ್ಟಿಗೆ ಹೋದರು. 1971ರಲ್ಲಿ ಫೆಡರಲ್ ನ್ಯಾಯಾಧೀಶ ಡೇಮನ್ ಕೀತ್, ಇದು ಕಪ್ಪು ಜನರನ್ನು ಊರಿನಿಂದ ಹೊರಹಾಕುವ ಉದ್ದೇಶದ ಕೆಲಸ ಅಂತ ತೀರ್ಪು ಕೊಟ್ಟರು. ಕೀತ್ ಸ್ವತಃ ಡೆಟ್ರಾಯಿಟ್‌ನ ಆಫ್ರಿಕನ್ ಅಮೆರಿಕನ್. ತೀರ್ಪು ಬಂತು, ಮನೆ ಬರಲಿಲ್ಲ. ಇನ್ನೂರು ಮನೆ ಕಟ್ಟಿಕೊಡುವ ಒಪ್ಪಂದವಾಗಿದ್ದು 1980ರಲ್ಲಿ. ಊರಿನ ಹತ್ತಿರ ಹಣ ಇರಲಿಲ್ಲ, ಮನಸ್ಸೂ ಇರಲಿಲ್ಲ. ಮನೆಗಳು ನಿಜವಾಗಿ ಏಳತೊಡಗಿದ್ದು 2000 ಇಸವಿ ಕಳೆದ ಮೇಲೆ. ಅಷ್ಟರಲ್ಲಿ ಎಷ್ಟೋ ಹಿರಿಯರು ತೀರಿಕೊಂಡಿದ್ದರು. ಮಕ್ಕಳು, ಮೊಮ್ಮಕ್ಕಳು ಬೀಗದ ಕೈ ತೆಗೆದುಕೊಂಡರು. ಒಂದು ಮನೆಗಾಗಿ ಮೂರು ತಲೆಮಾರು!

ಹೀಗೆ ಓಡಿಸಿದವರು ತಾವೇ ಒಂದು ಕಾಲದಲ್ಲಿ ಕೀಳಾಗಿ ಕಾಣಲ್ಪಟ್ಟ ಪೋಲಿಷರು. ಅದು ನನ್ನನ್ನು ಬಹಳ ಕಾಡುತ್ತದೆ.

ನಮ್ಮವರ ವಿಷಯವನ್ನೂ ಹೇಳಿಬಿಡುತ್ತೇನೆ. ನಾವು ಮನೆ ಕೊಳ್ಳಲು ಹುಡುಕುತ್ತಿದ್ದಾಗ ನಮ್ಮ ದೇಶದವರೇ ಆದ ಒಬ್ಬ ಮನೆ ದಲ್ಲಾಳಿ ನಕ್ಷೆ ತೆರೆದಿಟ್ಟು, ಒಂದು ರಸ್ತೆಯ ಮೇಲೆ ಬೆರಳಾಡಿಸಿ, ಇದರ ಕೆಳಗೆ ಬೇಡ, ಅಲ್ಲಿ "ಅವರು" ಇರುತ್ತಾರೆ ಅಂದರು. ನಾನೂ ನನ್ನ ಗಂಡನೂ ತಲೆ ಆಡಿಸಿದೆವು. ಆ ಕ್ಷಣ ಯಾಕೆ ಸುಮ್ಮನಿದ್ದೆ ಅಂತ ಹನ್ನೊಂದು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ಯುಗಾದಿಗೆ, ರಾಜ್ಯೋತ್ಸವಕ್ಕೆ ಪಂಪ ಕನ್ನಡ ಕೂಟದಲ್ಲಿ ಸೇರುತ್ತೇವೆ, ಮಕ್ಕಳಿಗೆ ವಚನ ಕಲಿಸುತ್ತೇವೆ. ಇವನಾರವ ಅಂತ ಹಾಡಿಸುತ್ತೇವೆ. ಮನೆ ಕೊಳ್ಳುವಾಗ ಮೊದಲು ಕೇಳುವುದೇ ಅಲ್ಲಿ ಯಾರವರಿದ್ದಾರೆ ಅಂತ.

ನೋವೈ_ನಿವಾಸಿ

ಸುಮಾ ಅವರೇ, ಶಾಲೆ ನೋಡಿ ಮನೆ ಕೊಂಡವರನ್ನೆಲ್ಲ ಜನಾಂಗ ದ್ವೇಷಿಗಳು ಅನ್ನಬೇಡಿ.

ಟ್ರಾಯ್_ಸುಮಾ

ಅಂದಿಲ್ಲ. ನನ್ನ ಬಗ್ಗೆ ಬರೆದೆ. ಶಾಲೆ ಅಂತ ನಾವೆಲ್ಲ ಹೇಳುತ್ತೇವೆ, ಅದು ಸುಳ್ಳೂ ಅಲ್ಲ. ಆದರೆ ಆಸ್ತಿ ಇರುವಲ್ಲಿ ಒಳ್ಳೆಯ ಶಾಲೆ, ಯಾರನ್ನು ಒಳಗೆ ಬಿಟ್ಟರೋ ಅವರಿಗೆ ಆಸ್ತಿ. ಈ ಸರಪಳಿಯ ಮೊದಲ ಕೊಂಡಿ ಆ ಕೆಡವಿದ ಬೀದಿಗಳಲ್ಲಿದೆ.

ಸಾಗರದ_ಹಳೆ_ಇಂಜಿನಿಯರ್

ನಾನು 1979ರಲ್ಲಿ ಡೆಟ್ರಾಯಿಟ್‌ಗೆ ಬಂದವನು. ಬಂದ ಮರುವರ್ಷವೇ, 1980ರ ಜನವರಿಯಲ್ಲಿ, ಹ್ಯಾಮ್‌ಟ್ರ್ಯಾಮಿಕ್‌ನ ಡಾಡ್ಜ್ ಕಾರ್ಖಾನೆ ಮುಚ್ಚಿತು. ಊರಿನ ಉಸಿರೇ ನಿಂತ ಹಾಗೆ. ಬದಲಿಗೆ ಜನರಲ್ ಮೋಟರ್ಸ್ ಹೊಸ ಕಾರ್ಖಾನೆ ಕಟ್ಟುತ್ತೇನೆ ಅಂದಿತು. ಅದಕ್ಕೆ ಜಾಗ ಬೇಕು. ಊರಿಗೆ ಅಂಟಿಕೊಂಡಿದ್ದ, ಡೆಟ್ರಾಯಿಟ್‌ಗೆ ಸೇರಿದ ಪೋಲ್‌ಟೌನ್ ಅನ್ನುವ ಬಡಾವಣೆಯನ್ನು 1981ರಲ್ಲಿ ನಗರಾಡಳಿತ ಸ್ವಾಧೀನಪಡಿಸಿಕೊಂಡಿತು. ನಾಲ್ಕು ಸಾವಿರಕ್ಕೂ ಹೆಚ್ಚು ಜನ ಮನೆ ಬಿಟ್ಟರು.

ಹೆಸರು ಪೋಲ್‌ಟೌನ್ ಆದರೂ ಅಲ್ಲಿ ಪೋಲಿಷರೂ ಕಪ್ಪು ಜನರೂ ಅಕ್ಕಪಕ್ಕದಲ್ಲೇ ಇದ್ದರು. ಅಂದರೆ ನಿಜವಾಗಿ ಬೆರೆತಿದ್ದ ಬಡಾವಣೆ ಒಂದಿತ್ತು, ಅದನ್ನೇ ಕೆಡವಿದೆವು. ಒಂದು ಚರ್ಚನ್ನು ಉಳಿಸಿಕೊಳ್ಳಲು ಮುದುಕಿಯರು ಒಳಗೆ ಹೋಗಿ ಕೂತಿದ್ದರು, ಪೊಲೀಸರು ಎಬ್ಬಿಸಿ ಹೊರಗೆ ಕರೆತಂದರು. ಮಿಶಿಗನ್ ಸುಪ್ರೀಂ ಕೋರ್ಟು ಕಂಪನಿಗಾಗಿ ಜನರ ಜಮೀನು ಪಡೆಯುವುದು ಸರಿ ಅಂತ 1981ರಲ್ಲಿ ಹೇಳಿತು, 2004ರಲ್ಲಿ ಆ ತೀರ್ಪು ತಪ್ಪಾಗಿತ್ತು ಅಂತ ತಾನೇ ತಿದ್ದಿಕೊಂಡಿತು. ಅಷ್ಟರಲ್ಲಿ ಆ ಜಾಗದಲ್ಲಿ ಸುಮಾರು ಇಪ್ಪತ್ತು ವರ್ಷ ಕಾರು ತಯಾರಾಗಿದ್ದವು.

ನಾನು ಹುಟ್ಟಿದ ಹಳ್ಳಿ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿದೆ. ನಮ್ಮಪ್ಪ ಬೇಸಿಗೆಯಲ್ಲಿ ನೀರು ಇಳಿದಾಗ ದಡದಲ್ಲಿ ನಿಂತು, ಅಗೋ ಅಲ್ಲಿ ನಮ್ಮ ಕೊಟ್ಟಿಗೆ ಅಂತ ತೋರಿಸುತ್ತಿದ್ದರು. ಹಾಗಾಗಿ ಆ ಕಾರ್ಖಾನೆಯ ಜೊತೆ ವ್ಯವಹಾರ ಮಾಡುತ್ತಿದ್ದ ಇಪ್ಪತ್ತೆರಡು ವರ್ಷವೂ ನನಗೆ ಅದರ ನೆಲ ತಣ್ಣಗಿರಲಿಲ್ಲ.

ಆ ಕಾರ್ಖಾನೆಯ ಆವರಣದೊಳಗೆ ಒಂದು ಯಹೂದಿ ಸ್ಮಶಾನ ಇದೆ. ಬೆತ್ ಓಲಂ ಅಂತ ಹೆಸರು. ಗೋರಿ ಕೀಳುವಂತಿಲ್ಲ, ಹಾಗಾಗಿ ಸುತ್ತ ಕಾರ್ಖಾನೆ ಕಟ್ಟಿದರು. ವರ್ಷಕ್ಕೆ ಎರಡು ಸಲ, ಯಹೂದಿಗಳ ಎರಡು ಹಬ್ಬಗಳಿಗೆ ಮುಂಚೆ, ಗೇಟು ತೆರೆಯುತ್ತಾರೆ. ಒಮ್ಮೆ ಹೋಗಿದ್ದೆ. ಹುಲ್ಲು, ಹಳೆಯ ಕಲ್ಲುಗಳು, ಇಟ್ಟಿಗೆಯ ಗೋಡೆ, ಗೋಡೆಯಾಚೆ ಯಂತ್ರದ ಸದ್ದು. ಸತ್ತವರಿಗೆ ಸಿಕ್ಕ ರಕ್ಷಣೆ ಪೋಲ್‌ಟೌನ್‌ನ ಬದುಕಿದ್ದವರಿಗೆ ಸಿಗಲಿಲ್ಲ. ಈಗ ಅದೇ ಕಾರ್ಖಾನೆಗೆ ಫ್ಯಾಕ್ಟರಿ ಝೀರೋ ಅಂತ ಹೆಸರು, ವಿದ್ಯುತ್ ವಾಹನ ಮಾಡುತ್ತಾರೆ.

ಹೆಸರು_ಬೇಡ

ಇಷ್ಟು ಹೊತ್ತು ಓದುತ್ತಿದ್ದೆ, ಬರೆಯಬೇಕೋ ಬೇಡವೋ ಅಂತ ಯೋಚಿಸುತ್ತಿದ್ದೆ.

ನಾನು ತುಮಕೂರಿನವನು. ನಾನು ಗೇ. ಮನೆಯಲ್ಲಿ ಇನ್ನೂ ಹೇಳಿಲ್ಲ. 2019ರಿಂದ ಹ್ಯಾಮ್‌ಟ್ರ್ಯಾಮಿಕ್‌ನಲ್ಲಿದ್ದೆ. ಬಾಡಿಗೆ ಕಡಿಮೆ ಅಂತ ಮಾತ್ರ ಅಲ್ಲ, ಕಲಾವಿದರು, ಸಂಗೀತದವರು, ನಮ್ಮಂಥವರು ಬಹಳ ವರ್ಷದಿಂದ ಅಲ್ಲಿ ಇದ್ದರು. ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. 2021ರಲ್ಲಿ ಕೌನ್ಸಿಲ್ ಎರಡು ಪಾಲಾದಾಗ ಆಗಿನ ಮೇಯರ್ ಕ್ಯಾರೆನ್ ಮಜೆವ್‌ಸ್ಕಿ ತಮ್ಮ ಮತ ಹಾಕಿ, ನಮ್ಮಂಥವರ ಗುರುತಾದ ಕಾಮನಬಿಲ್ಲಿನ ಬಾವುಟಕ್ಕೆ ಅವಕಾಶ ಮಾಡಿಕೊಟ್ಟರು. ನಾನು ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡಿದೆ. ಹತ್ತಿರ ಹೋಗಲು ಧೈರ್ಯ ಬರಲಿಲ್ಲ.

2023ರ ಜೂನ್‌ನಲ್ಲಿ ಹೊಸ ಕೌನ್ಸಿಲ್ ಒಕ್ಕೊರಲಿನಿಂದ ನಿರ್ಣಯ ಮಾಡಿತು. ನಗರಸಭೆಯ ಜಾಗದಲ್ಲಿ ದೇಶದ, ರಾಜ್ಯದ, ಊರಿನ ಬಾವುಟ, ವಲಸೆ ಬಂದವರ ತಾಯ್ನಾಡುಗಳ ಬಾವುಟ, ಇಂಥವು ಮಾತ್ರ ಇರಬೇಕು ಅಂತ. ಜೋಸೆಫ್ ಕ್ಯಾಂಪೋ ರಸ್ತೆಯ ಕಂಬಗಳಲ್ಲಿ ಯೆಮನ್ ಇದೆ, ಬಾಂಗ್ಲಾದೇಶ ಇದೆ, ಪೋಲೆಂಡ್ ಇದೆ. ನನ್ನ ದೇಶದ ಬಾವುಟ ಅಲ್ಲಿ ಹಾರಬಹುದು, ನನ್ನದು ಹಾರುವಂತಿಲ್ಲ. ಬಾವುಟ ಬರೀ ಬಟ್ಟೆ ಅನ್ನುತ್ತಾರೆ. 1999ರಲ್ಲಿ ಪ್ರಮಾಣ ಮಾಡಿಸಿಕೊಂಡವರ ನೋವು ಇಲ್ಲಿ ಓದಿದೆ, ನನಗೆ ಪೂರ್ತಿ ಅರ್ಥವಾಯಿತು. ಅವರ ಮಕ್ಕಳಿಗೆ ನನ್ನದು ಯಾಕೆ ಅರ್ಥವಾಗಲಿಲ್ಲ?

ಆ ವರ್ಷ ಡಿಸೆಂಬರ್‌ನಲ್ಲಿ ಮನೆ ಬಿಟ್ಟೆ.

ನೋವೈ_ನಿವಾಸಿ

ನೋಡಿ, ನಾನು ಹೇಳಿದ್ದು ಇದನ್ನೇ. ಅಧಿಕಾರ ಸಿಕ್ಕ ಕೂಡಲೇ ಬಣ್ಣ ಬಯಲಾಯಿತು.

ಹೆಸರು_ಬೇಡ

ದಯವಿಟ್ಟು ನನ್ನ ನೋವನ್ನು ನಿಮ್ಮ ವಾದಕ್ಕೆ ಇಟ್ಟಿಗೆ ಮಾಡಿಕೊಳ್ಳಬೇಡಿ. ತುಮಕೂರಿನಲ್ಲಿ ನನ್ನ ಬಗ್ಗೆ ಬಾಯಿ ಬಿಡಲಾರದೆ ಇರುವುದು ಯಾವ ಯೆಮನಿಯಿಂದಲೂ ಅಲ್ಲ.

ಉಳ್ಳಾಲದ_ಬ್ಯಾರಿ_ಹುಡುಗಿ

ಹೆಸರು ಬೇಡ ಅವರೇ, ನಿಮ್ಮ ಬರಹ ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ನನ್ನ ಮನೆಯಲ್ಲೇ ಈ ವಿಷಯಕ್ಕೆ ಎರಡು ಅಭಿಪ್ರಾಯ ಉಂಟು. ನನ್ನ ಅತ್ತೆಯವರು ನಿರ್ಣಯ ಸರಿ ಅಂತಾರೆ. ನಗರಸಭೆ ಯಾರ ಪರವೂ ನಿಲ್ಲಬಾರದು, ನಮ್ಮ ಧರ್ಮದ ಬಾವುಟಕ್ಕೂ ಜಾಗ ಇಲ್ಲವಲ್ಲ ಅಂತಾರೆ. ಅದು ನಿಜವೇ, ಧರ್ಮದ ಬಾವುಟಕ್ಕೂ ಅವಕಾಶ ಇಲ್ಲ. ಆದರೂ ನನಗೆ ಒಪ್ಪಿಗೆ ಇಲ್ಲ. ನಾನು ತಲೆವಸ್ತ್ರ ಹಾಕ್ತೇನೆ. ಊರಲ್ಲಿ ಅದರ ಹೆಸರಲ್ಲಿ ಹುಡುಗಿಯರನ್ನು ಕಾಲೇಜಿನ ಗೇಟಿನ ಹೊರಗೆ ನಿಲ್ಲಿಸಿದ್ದನ್ನು 2022ರಲ್ಲಿ ಇಲ್ಲಿ ಕೂತು ನೋಡಿ ಅತ್ತವಳು. ಹೊರಗೆ ನಿಲ್ಲಿಸಿಕೊಳ್ಳುವುದು ಎಂತ ಅಂತ ಗೊತ್ತಿರುವವಳು ಇನ್ನೊಬ್ಬರನ್ನು ಹೊರಗೆ ನಿಲ್ಲಿ ಅನ್ನಲಿಕ್ಕೆ ಆಗುವುದಿಲ್ಲ. ಇದನ್ನು ಅತ್ತೆಗೂ ಹೇಳಿದ್ದೇನೆ. ಇನ್ನೂ ವಾದ ಮುಗಿದಿಲ್ಲ.

ಕಾನಂಟ್_ಬಾಡಿಗೆಮನೆ

ಮೊದಲ ಬರಹದಲ್ಲಿ ನಾನು ಇದನ್ನು ಬರೆಯದೆ ಬಿಟ್ಟಿದ್ದೆ. ಮಾವನ ವಿಡಿಯೋಗೆ ಬಲ ಬಂದೀತು ಅನ್ನುವ ಭಯ. ಅದು ತಪ್ಪು. ಹೆಸರು ಬೇಡ ಅವರ ಕ್ಷಮೆ ಕೇಳುತ್ತೇನೆ.

ನೋವೈ ಅವರೇ, ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. ಕುರ್ಚಿ ಸಿಕ್ಕವರು ಮುಂದಿನವರಿಗೆ ಜಾಗ ಬಿಡಲಿಲ್ಲ. ಆದರೆ ಅದು ಯೆಮನಿಗಳ ಗುಣ ಅಂದರೆ ಒಪ್ಪುವುದಿಲ್ಲ. 1960ರ ದಶಕದ ಪೋಲಿಷ್ ಕೌನ್ಸಿಲ್ ಮನೆಗಳನ್ನೇ ಕೆಡವಿತ್ತಲ್ಲ! ಪ್ರತಿಯೊಬ್ಬರೂ ತಮಗೆ ಬಾಗಿಲು ತೆರೆದ ಕಾನೂನನ್ನು ತಮ್ಮ ಹಿಂದೆ ಬಂದವರ ಮುಂದೆ ಮರೆತಿದ್ದಾರೆ.

ಅದೇ ಕೌನ್ಸಿಲ್ 2023ರ ಜನವರಿಯಲ್ಲಿ, ಹಬ್ಬಕ್ಕೆ ಮನೆಯಲ್ಲಿ ಪ್ರಾಣಿಬಲಿ ಕೊಡಲು ಅವಕಾಶ ಕೊಟ್ಟಿತು. ಪ್ರಾಣಿಪ್ರಿಯರು ಬಹಳ ವಿರೋಧಿಸಿದರು. ಕೌನ್ಸಿಲ್‌ನವರಿಗೆ ಬೆನ್ನಿಗಿದ್ದದ್ದು 1993ರ ಸುಪ್ರೀಂ ಕೋರ್ಟ್ ತೀರ್ಪು. ಫ್ಲಾರಿಡಾದ ಹಯಲೀಯಾ ಊರಿನಲ್ಲಿ ಸಾಂಟೆರಿಯಾ ಅನ್ನುವ ಆಫ್ರಿಕನ್–ಕ್ಯೂಬನ್ ಪಂಥದವರ ಬಲಿಯನ್ನು ಊರು ನಿಷೇಧಿಸಿದಾಗ ಬಂದ ತೀರ್ಪು ಅದು. ಅಂದರೆ ಬಹುಮತಕ್ಕೆ ಹಿಡಿಸದ ಸಣ್ಣ ಗುಂಪೊಂದು ಹೋರಾಡಿ ಗೆದ್ದ ಹಕ್ಕಿನ ನೆರಳಲ್ಲಿ ಇವರು ನಿಂತಿದ್ದಾರೆ. ಐದು ತಿಂಗಳ ಮೇಲೆ ಬಾವುಟದ ನಿರ್ಣಯ ಬಂದಾಗ ಅದೇ ನೆರಳಿನ ನೆನಪು ಬರಬೇಕಿತ್ತು.

ಟ್ರಾಯ್_ಸುಮಾ

ಹ್ಯಾಮ್‌ಟ್ರ್ಯಾಮಿಕ್ ಸ್ಟೇಡಿಯಂಗೆ ಯಾರಾದರೂ ಹೋಗಿದ್ದೀರಾ? 1930ರಲ್ಲಿ ಕಟ್ಟಿದ್ದು. ಬಿಳಿಯರ ಲೀಗಿನಲ್ಲಿ ಆಡಲು ಬಿಡದಿದ್ದ ಕಾಲದಲ್ಲಿ ಡೆಟ್ರಾಯಿಟ್ ಸ್ಟಾರ್ಸ್ ಅನ್ನುವ ಕಪ್ಪು ಆಟಗಾರರ ತಂಡ ಅಲ್ಲಿ ಬೇಸ್‌ಬಾಲ್ ಆಡುತ್ತಿತ್ತು. ಟರ್ಕಿ ಸ್ಟರ್ನ್ಸ್ ಅಂಥ ದೊಡ್ಡ ಆಟಗಾರ, ಚಳಿಗಾಲದಲ್ಲಿ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಅಂಥ ಮೈದಾನಗಳು ದೇಶದಲ್ಲಿ ಬೆರಳೆಣಿಕೆಯಷ್ಟೇ ಉಳಿದಿವೆ. ಪಾಳುಬಿದ್ದಿದ್ದ ಗ್ಯಾಲರಿಯನ್ನು ಸರಿಮಾಡಿ 2022ರಲ್ಲಿ ಮತ್ತೆ ತೆರೆದರು. ಅದೇ ಮೈದಾನದಲ್ಲಿ ಬಂಗಾಳಿ ಹುಡುಗರು ಕ್ರಿಕೆಟ್ ಆಡುತ್ತಾರೆ. ಮುಂದಿನ ಶನಿವಾರ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಬರುವವರು ಬನ್ನಿ.

ಸಾಗರದ_ಹಳೆ_ಇಂಜಿನಿಯರ್

ಬರುತ್ತೇನೆ. ಮಡಚುವ ಕುರ್ಚಿ ತರುತ್ತೇನೆ, ಮೊಣಕಾಲು ನೋವು.

ನೋವೈ_ನಿವಾಸಿ

ನನ್ನ ಮಗ ಕ್ರಿಕೆಟ್ ಅಂದರೆ ಬಿಡುವುದಿಲ್ಲ. ಎಷ್ಟು ಗಂಟೆಗೆ?

ಹೆಸರು_ಬೇಡ

ಬಂದರೂ ಬರಬಹುದು. ಬಂದರೆ ನನ್ನ ಪರಿಚಯ ಕೇಳಬೇಡಿ.

ಟ್ರಾಯ್_ಸುಮಾ

ಹನ್ನೊಂದು ಗಂಟೆಗೆ. ಯಾರೂ ಕೇಳುವುದಿಲ್ಲ. ಬನ್ನಿ ತಮ್ಮ.

ದಾವಣಗೆರೆ_ಮಂಜು

ಕಾನಂಟ್ ಅಣ್ಣ, ನಿಮ್ಮ ಮಾವನಿಗೆ ಇದನ್ನೆಲ್ಲ ಕಳಿಸಿದ್ರಾ? ಏನಂದ್ರು?

ಕಾನಂಟ್_ಬಾಡಿಗೆಮನೆ

ಕಳಿಸಿದೆ. ಎರಡು ದಿನ ಉತ್ತರ ಇಲ್ಲ. ಇವತ್ತು ಬೆಳಗ್ಗೆ ಫೋನ್ ಮಾಡಿದರು. ವಿಡಿಯೋ ಬಗ್ಗೆ ಮಾತೇ ಎತ್ತಲಿಲ್ಲ. "ಆ ಅಜ್ಜಿ ಮನೆ ಮುಂದಿನ ಹಿಮ ಈಗ ಯಾರು ತೆಗೀತಾರೋ?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಹಳೆಯ ಮಾಲೀಕರಿಗೆ ಫೋನ್ ಮಾಡಿ ವಿಚಾರಿಸಿದೆ. ಅಜ್ಜಿ ಇನ್ನೂ ಅದೇ ಮನೆಯಲ್ಲಿದ್ದಾರಂತೆ. ದೊಡ್ಡ ಹುಡುಗ ಕಾಲೇಜಿಗೆ ಅಂತ ಲ್ಯಾನ್ಸಿಂಗ್‌ಗೆ ಹೋದನಂತೆ. ಈಗ ಅವನ ತಮ್ಮ ಬರುತ್ತಾನೆ, ಹತ್ತು ಡಾಲರ್ ಕೇಳುತ್ತಾನೆ, ಅಜ್ಜಿ ಎಂಟು ಕೊಡುತ್ತಾರೆ.